ರಟ್ಟೆಗೆ ಕಟ್ಟಿದ ತಾಯಿತ

ವಿಮಾನ ರಿಪೇರಿ ಮಾಡುವವರ ಮನೆಯವರಿಗೆ ವಿಮಾನದ ಹೆದರಿಕೆ ಇರುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ಶುದ್ಧ ಸುಳ್ಳು. ಮದುವೆಗೆ ಮುಂಚೆ ನನ್ನ ಪಾಲಿಗೆ ವಿಮಾನವೆಂದರೆ ಆಕಾಶದಲ್ಲಿ ಹೋಗುವ ಬಸ್ಸು, ಅಷ್ಟೆ. ಅದರ ಹೊಟ್ಟೆಯೊಳಗೆ ಏನೇನಿದೆ, ಯಾವುದು ಸವೆಯುತ್ತದೆ, ಯಾವುದು ಚಳಿಗೆ ಸೆಟೆದುಕೊಳ್ಳುತ್ತದೆ ಎಂಬುದೆಲ್ಲ ತಿಳಿದದ್ದು ಮದುವೆಯಾದ ಮೇಲೆ. ಬೇರೆ ಹೆಂಗಸರ ಗಂಡಂದಿರು ಊಟಕ್ಕೆ ಕೂತಾಗ ಆಫೀಸಿನ ಮ್ಯಾನೇಜರನ್ನು ಬೈಯುತ್ತಿದ್ದರು. ನನ್ನ ಗಂಡ ಸಾರನ್ನ ಕಲಸುತ್ತಾ, ಕೂದಲೆಳೆಯಷ್ಟು ಬಿರುಕು ಯಾರ ಕಣ್ಣಿಗೂ ಬೀಳದೆ ಹೇಗೆ ಬೆಳೆಯುತ್ತದೆ ಎಂದು ವಿವರಿಸುತ್ತಿದ್ದರು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು ಅವು. ನಾವಿದ್ದದ್ದು ಸ್ವೀಡನ್ನಿನ ನಡುಭಾಗದ ಒಂದು ಚಿಕ್ಕ ಊರಲ್ಲಿ. ಇವರು ಬೆಂಗಳೂರಿನಲ್ಲಿ ವಿಮಾನದ ಕೆಲಸ ಕಲಿತವರು. ಇಲ್ಲಿಗೆ ಬಂದು ಇಲ್ಲಿಯ ಪರೀಕ್ಷೆಗಳನ್ನೂ ಬರೆದು, ಊರಾಚೆಯ ಹ್ಯಾಂಗರಿನಲ್ಲಿ ಮೆಕ್ಯಾನಿಕ್ ಆಗಿ ಸೇರಿದ್ದರು. ಗಣೇಶನ ಹಬ್ಬಕ್ಕೆ ಹತ್ತಿರದ ಪಟ್ಟಣ ಓರೆಬ್ರೂದಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದೆವು. ಒಬ್ಬರು ಸಾಫ್ಟ್‌ವೇರು, ಇನ್ನೊಬ್ಬರು ಪಿಎಚ್‌ಡಿ. "ನಿಮ್ಮನೆಯವ್ರು ಯಾವ ಪ್ರಾಜೆಕ್ಟಲ್ಲಿದಾರೆ?" ಎಂದು ಕೇಳಿದರೆ "ಗ್ರೀಸ್ ಪ್ರಾಜೆಕ್ಟು" ಎನ್ನುತ್ತಿದ್ದೆ. ಕೆಲವರು ನಗುತ್ತಿದ್ದರು. ಕೆಲವರು ಅದೂ ಒಂದು ಕಂಪನಿಯಿರಬೇಕೆಂದು ತಲೆಯಾಡಿಸುತ್ತಿದ್ದರು.

ಇವರ ಹ್ಯಾಂಗರಿನ ಗೋಡೆಯ ಮೇಲೆ ಒಂದು ದೊಡ್ಡ ಹಲಗೆಯಿತ್ತು. ಪ್ರತಿಯೊಂದು ಸ್ಪ್ಯಾನರಿಗೂ ಸ್ಕ್ರೂಡ್ರೈವರಿಗೂ ಅದರದೇ ಆಕಾರವನ್ನು ಬಣ್ಣದಲ್ಲಿ ಬರೆದು, ಅಲ್ಲೊಂದು ಮೊಳೆ. ಕೆಲಸ ಮುಗಿದ ಮೇಲೆ ಒಂದೇ ಒಂದು ಆಕಾರ ಖಾಲಿ ಕಂಡರೂ ಆ ವಿಮಾನ ಹಾರುವಂತಿಲ್ಲ, ಸಿಗುವವರೆಗೂ ಹುಡುಕಬೇಕು; ಒಳಗೆಲ್ಲೋ ಬಿದ್ದಿದ್ದರೆ ಹಾರುವಾಗ ಉರುಳಿ ಯಾವುದಕ್ಕಾದರೂ ಅಡ್ಡ ಸಿಕ್ಕಿಕೊಳ್ಳಬಹುದು. ಈ ಹುಚ್ಚನ್ನು ಇವರು ಮನೆಗೂ ತಂದರು. ಬಾಡಿಗೆ ಮನೆಯ ಗೋಡೆಗೆ ಬಣ್ಣ ಬಳಿಯುವಂತಿಲ್ಲವಲ್ಲ, ರಟ್ಟಿನ ಮೇಲೆ ಸೌಟು, ಜಾಲರಿ, ಚಪಾತಿ ಲಟ್ಟಣಿಗೆಗಳ ಆಕಾರ ಬರೆದು ಅಡುಗೆಮನೆಯಲ್ಲಿ ತೂಗುಹಾಕಿದರು. ಒಗ್ಗರಣೆ ಸೌಟಿನ ಜಾಗ ಖಾಲಿಯಿದ್ದರೆ ಮಲಗಲು ಹೋಗುತ್ತಿರಲಿಲ್ಲ. "ಇದೇನ್ರೀ, ನಮ್ಮ ಅಡುಗೆಮನೆ ಹಾರಿಹೋಗುತ್ತಾ?" ಎಂದು ನಾನು ರೇಗುತ್ತಿದ್ದೆ. ಅವರು ಸೌಟು ಹುಡುಕಿ ತಂದು ಸಿಕ್ಕಿಸುತ್ತಿದ್ದರು.

ನನಗಿದ್ದ ಭಯ ಎರಡು ಬಗೆಯದು. ವಿಮಾನ ಹತ್ತುವ ಭಯ ಒಂದು. ಇನ್ನೊಂದನ್ನು ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ: ಇವರ ಕೈಯಿಂದ ದಾಟಿಹೋದ ವಿಮಾನ ಯಾವತ್ತಾದರೂ ಬಿದ್ದರೆ? ಟಿವಿಯಲ್ಲಿ ಎಲ್ಲಿಯದೋ ವಿಮಾನದ ಸುದ್ದಿ ಬಂದರೂ ಮೊದಲು ಇವರ ಮುಖ ನೋಡುತ್ತಿದ್ದೆ. ಊರಿಗೆ ಹೋದಾಗ ಅಮ್ಮನ ಮುಂದೆ ಅತ್ತೂ ಬಿಟ್ಟೆ. ಅಮ್ಮ ದೇವಸ್ಥಾನದಲ್ಲಿ ಪೂಜೆ ಮಾಡಿಸಿದ ಒಂದು ತಾಮ್ರದ ತಾಯಿತವನ್ನು ಕಪ್ಪು ದಾರಕ್ಕೆ ಪೋಣಿಸಿ ಕೊಟ್ಟಳು. "ಅಳಿಯಂದ್ರ ರಟ್ಟೆಗೆ ಕಟ್ಟು. ಅವರ ಕೈಯಿಂದ ಯಾವ ಕೆಡುಕೂ ಆಗಲ್ಲ."

ಇವರು ಬಿಲ್‌ಕುಲ್ ಒಪ್ಪಲಿಲ್ಲ. "ಉಂಗುರ, ವಾಚು ಎಲ್ಲಾ ಬಿಚ್ಚಿಟ್ಟು ಒಳಗೆ ಹೋಗೋ ಜಾಗ ಅದು. ಇದನ್ನ ಹಾಕ್ಕೊಂಡು ಹೋಗಕ್ಕಾಗಲ್ಲ" ಎಂದರು. ನಾನು ಬಿಡುವವಳೇ? ರಟ್ಟೆಯ ಮೇಲಿರುತ್ತದೆ, ಅದರ ಮೇಲೆ ಎರಡು ಅಂಗಿ, ಅದರ ಮೇಲೆ ಕೆಲಸದ ದಪ್ಪ ಬಟ್ಟೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ವಾದಿಸಿದೆ. ಮಾತು ಬಿಟ್ಟೆ, ಊಟ ಬಿಟ್ಟೆ. ಕೊನೆಗೆ ಅವರು ತೋಳು ಚಾಚಿದರು. ನಾನೇ ಬಿಗಿಯಾಗಿ ಗಂಟು ಹಾಕಿದೆ. ಆವತ್ತಿನಿಂದ ನನಗೆ ಕೊಂಚ ನಿದ್ದೆ ಬರತೊಡಗಿತು.

ಮುಂದಿನ ಚಳಿಗಾಲದಲ್ಲಿ ಅಣ್ಣ ಫೋನ್ ಮಾಡಿದ. ಅಮ್ಮನಿಗೆ ಹೃದಯದ ಆಪರೇಷನ್, ಬೆಂಗಳೂರಿನಲ್ಲಿ, ದಿನ ಗೊತ್ತಾಗಿದೆ. ಉಳಿಯುವುದು ದೇವರ ಕೈಯಲ್ಲಿ ಎಂಬಂತೆ ಡಾಕ್ಟರು ಮಾತಾಡಿದ್ದಾರೆ. ಅಮ್ಮನೇ ಫೋನ್ ಇಸಿದುಕೊಂಡು, "ಒಳಗೆ ಹೋಗೋಕ್ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಬೇಕು ಕಣೇ, ಆಮೇಲೆ ಏನಾದ್ರೂ ಆಗ್ಲಿ" ಎಂದಳು. ಸಿಕ್ಕ ಟಿಕೆಟ್ಟು ಹೀಗಿತ್ತು: ನಮ್ಮೂರಿಂದ ಚಿಕ್ಕ ವಿಮಾನದಲ್ಲಿ ಕೋಪನ್‌ಹೇಗನ್, ಅಲ್ಲಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು. ಎಲ್ಲವೂ ಹೊತ್ತಿಗೆ ಸರಿಯಾಗಿ ಹೊರಟರೆ ಆಪರೇಷನ್ನಿನ ಬೆಳಿಗ್ಗೆ ಅಮ್ಮನನ್ನು ಒಳಗೆ ಕರೆದೊಯ್ಯುವ ಮುಂಚೆ ಆಸ್ಪತ್ರೆ ಮುಟ್ಟುತ್ತಿದ್ದೆ. ಒಂದು ತಪ್ಪಿದರೂ ಇಲ್ಲ.

ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ವಿಮಾನ ನಿಲ್ದಾಣಕ್ಕೆ ಬಂದೆ. ನಿಲ್ದಾಣವೆಂದರೆ ಒಂದು ಹಜಾರ, ಒಂದು ಬಾಗಿಲು, ಬಾಗಿಲಾಚೆ ಹಿಮ. ಇವರು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದರು. ಇದೇ ವಿಮಾನದ ನೆಲದ ಕೆಳಗೆ ಏನೋ ನೋಡುವುದಿದೆ, ಬೇಗ ಮುಗಿಯುತ್ತದೆ ಎಂದಿದ್ದರು. ಹೊರಡುವ ಹೊತ್ತಾಯಿತು. ಬಾಗಿಲು ತೆರೆಯಲಿಲ್ಲ. ತಾಂತ್ರಿಕ ಕಾರಣದಿಂದ ತಡವಾಗುತ್ತದೆ ಎಂದು ಹೇಳಿ ಎಲ್ಲರಿಗೂ ಕಾಫಿ, ದಾಲ್ಚಿನ್ನಿ ಬನ್ನು ಹಂಚಿದರು. ಸ್ವೀಡನ್ನಿನ ಜನ ಕೂಗಾಡುವುದಿಲ್ಲ. ತಡವಾದದ್ದೇ ಫೀಕಾ ಎಂಬ ತಮ್ಮ ಕಾಫಿ ವಿರಾಮಕ್ಕೆ ಎನ್ನುವ ಹಾಗೆ ಕಪ್ಪು ಹಿಡಿದು ಕೂತರು. ಸೂಟು ತೊಟ್ಟ ಒಬ್ಬ ಮಾತ್ರ ಗಡಿಯಾರ ನೋಡಿ ನೋಡಿ ಉಸಿರು ಬಿಡುತ್ತಿದ್ದ. ಮಗಳು ಬನ್ನು ಕಚ್ಚುತ್ತಾ, "ಪಪ್ಪಾ ಲಾಗಾರ್" ಎಂದಳು. ಅಪ್ಪ ರಿಪೇರಿ ಮಾಡ್ತಿದಾರೆ ಎಂದು ಡಾಗಿಸ್ ಎಂಬ ಶಿಶುವಿಹಾರದಲ್ಲಿ ಕಲಿತ ಸ್ವೀಡಿಷ್‌ನಲ್ಲಿ ಎಲ್ಲರಿಗೂ ಸಾರಿದಳು.

ಇವರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೇ ಸಲ ಎತ್ತಿದರು. ಗಾಳಿಯ ಸದ್ದು ಕೇಳುತ್ತಿತ್ತು.

"ತಾಯ್ತ ಇಲ್ಲ" ಎಂದರು.

"ಅಂದ್ರೆ?"

"ದಾರ ಕಿತ್ತು ತೋಳಲ್ಲಿ ಸಿಕ್ಕಿದೆ, ತಾಯ್ತ ಜಾರಿಹೋಗಿದೆ. ಬೆಳಿಗ್ಗೆ ನೆಲದ ಕೆಳಗೆ ಭುಜದವರೆಗೂ ಕೈ ಹಾಕಿ ಕೆಲಸ ಮಾಡಿದ್ದೆ. ಎಲ್ಲಾ ಮುಚ್ಚಿ, ಕೈ ತೊಳ್ಯೋವಾಗ ಗೊತ್ತಾಯ್ತು."

"ಬಟ್ಟೆ ಒಳಗೆ ನೋಡಿದ್ರಾ?"

"ಒಂದೊಂದೇ ಬಿಚ್ಚಿ ಒದರಿದ್ದಾಯ್ತು. ಬೂಟೂ ನೋಡಿದ್ದಾಯ್ತು."

"ಯಾರ್ಗೂ ಹೇಳಿಲ್ಲ ತಾನೇ?"

"ಮೇಲಿನವರಿಗೆ ಹೇಳ್ದೆ. ವಿಮಾನ ನಿಲ್ಲಿಸಿದೀವಿ."

ಕೆಲಸ ಹೋಯಿತು ಎಂದುಕೊಂಡೆ. ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಯಿತು. ಆದರೆ ಆ ಗಳಿಗೆಯಲ್ಲಿ ಅದೂ ನನಗೆ ದೊಡ್ಡದಾಗಿ ಕಾಣಲಿಲ್ಲ. ಕಣ್ಣ ಮುಂದೆ ಇದ್ದದ್ದು ಅಮ್ಮನ ಮುಖವೊಂದೇ. ಅಲ್ಲಿ ಯಾರಿಗೂ ಕನ್ನಡ ಬಾರದಿದ್ದರೂ ದನಿ ತಗ್ಗಿಸಿದೆ. "ಬೆರಳ ತುದಿಯಷ್ಟಿಲ್ಲ ಅದು. ಇದ್ರೆ ಇರ್ಲಿ ಬಿಡ್ರೀ. ವಿಮಾನ ವಾಪಸ್ ಬಂದ್ಮೇಲೆ ಹುಡುಕಿ. ಅಲ್ಲಿ ಅಮ್ಮ ಕಾಯ್ತಿದಾಳೆ ಕಣ್ರೀ. ಕಾಲಿಗೆ ಬೀಳ್ತೀನಿ."

"ಎಲ್ಲಿ ಬಿದ್ದಿದೆ ಅಂತ ಗೊತ್ತಿದ್ದಿದ್ರೆ ಏನೂ ಆಗಲ್ಲ ಅಂತ ಹೇಳ್ಬೋದಿತ್ತು. ಗೊತ್ತಿಲ್ಲ" ಎಂದರು. "ಆಮೇಲೆ ಎಷ್ಟ್ ಬೇಕಾದ್ರೂ ಬೈಕೋ. ಈಗ ಇಡ್ತೀನಿ."

ಇಟ್ಟೇ ಬಿಟ್ಟರು. ಬಾಯಿಗೆ ಬಂದಂತೆ ಬೈದುಕೊಂಡೆ. ಎಂಥಾ ಕಲ್ಲು ಮನಸ್ಸಿನವರು, ಇವರ ತಾಯಿಯೇ ಆಗಿದ್ದರೆ ಹೀಗೆ ಮಾಡುತ್ತಿದ್ದರೇ ಎಂದೂ ಅಂದುಕೊಂಡೆ. ಪಕ್ಕದಲ್ಲಿ ಮಗಳು ಕಾಲು ಜೋತುಬಿಟ್ಟು ಆಡಿಸುತ್ತಾ ಕೂತಿದ್ದಳು. ಆ ಪುಟ್ಟ ಬೂಟುಗಳನ್ನೇ ನೋಡುತ್ತಿದ್ದೆ. ವಿಮಾನದಲ್ಲೂ ಹೀಗೇ ಆಡಿಸುತ್ತಾಳೆ, ಅದರ ಕೆಳಗೆ ನೆಲ, ನೆಲದ ಕೆಳಗೆ ನಾನು ಗಂಟು ಹಾಕಿದ ತಾಯಿತ ಉರುಳುತ್ತಿರುತ್ತದೆ ಎಂದು ಹೊಳೆದದ್ದೇ ತಡ, ಕೈ ಚಾಚಿ ಆ ಬೂಟುಗಳನ್ನು ಹಿಡಿದು ನಿಲ್ಲಿಸಿದೆ. ಇಲ್ಲೇ ಇದ್ದರೆ ಅಮ್ಮ ಸಿಗುವುದಿಲ್ಲ. ಹತ್ತಿದರೆ ಈ ಮಗು ನನ್ನ ತೊಡೆಯ ಮೇಲೆ. ಸೂಟಿನವನು ನನ್ನತ್ತ ತಿರುಗಿ ಇಂಥ ಕಂಪನಿಗಳನ್ನು ಮುಚ್ಚಿಸಬೇಕು ಎಂಬರ್ಥದ ಮಾತೊಂದನ್ನು ಆಡಿದ. ಸ್ವೀಡಿಷ್ ಬರುವುದಿಲ್ಲ ಎಂಬಂತೆ ಮುಖ ತಿರುಗಿಸಿಕೊಂಡೆ.

ಒಳಗೆ ಏನು ನಡೆಯಿತು ಎಂಬುದನ್ನು ನಾನು ಆಮೇಲೆ ಕೇಳಿ ತಿಳಿದೆ. ಹ್ಯಾಂಗರಿನ ಮುಖ್ಯಸ್ಥ, ನಿವೃತ್ತಿಗೆ ಹತ್ತಿರವಾದ ಸ್ವೀಡಿಷ್ ಮನುಷ್ಯ, ಬೈಯಲಿಲ್ಲವಂತೆ. ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ ತಾನೇ ಟಾರ್ಚು ಎತ್ತಿಕೊಂಡನಂತೆ. ಮೂವರು ಸೇರಿ ಕುರ್ಚಿಗಳನ್ನು ಕಿತ್ತರು, ನೆಲದ ತಗಡುಗಳನ್ನು ಎತ್ತಿದರು, ಮಂಡಿಯೂರಿ, ಕನ್ನಡಿ ಇಟ್ಟು, ಸಂದುಗೊಂದುಗಳಲ್ಲಿ ಬೆಳಕು ಬಿಟ್ಟರು. ಗವಸು ಹಾಕಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲವೆಂದು ಆ ಚಳಿಯಲ್ಲಿ ಬರಿಗೈಯಲ್ಲೇ ತಡಕಿದರು.

ಫ್ರಾಂಕ್‌ಫರ್ಟಿನ ವಿಮಾನ ತಪ್ಪಿತು ಎಂದು ಖಾತ್ರಿಯಾದ ಬಹಳ ಹೊತ್ತಿನ ಮೇಲೆ ಪಕ್ಕದ ಬಾಗಿಲಿಂದ ಇವರು ಬಂದರು. ಹಳದಿ ಜಾಕೆಟ್ಟು, ಬೆರಳುಗಳ ಗೆಣ್ಣು ಒಡೆದು ರಕ್ತ ಕಾಣುತ್ತಿತ್ತು.

"ಸಿಕ್ತು."

"ಎಲ್ಲಿ?"

"ಬಾಲದ ರೆಕ್ಕೆ ಆಡಿಸೋ ಕೇಬಲ್ ಇದೆ, ಅದರ ಪಕ್ಕ. ಒಂದು ಗೇಣು ದೂರ."

"ಸಿಗ್ದೇ ಇದ್ದಿದ್ರೆ?"

"ಏನೂ ಆಗ್ತಿರ್ಲಿಲ್ವೇನೋ. ವರ್ಷಗಟ್ಟಲೆ ಅಲ್ಲೇ ಬಿದ್ದಿರ್ತಿತ್ತೇನೋ" ಎಂದರು. ನನ್ನ ಮುಖ ನೋಡಲಿಲ್ಲ. ಬಗ್ಗಿ ಮಗಳ ಬೂಟಿನ ದಾರ ಮತ್ತೊಮ್ಮೆ ಕಟ್ಟಿದರು. "ನಾನು ಮುಚ್ಚಿದ್ದನ್ನ ಇನ್ನೊಬ್ರು ಪೂರ್ತಿ ನೋಡಿದಾರೆ. ಹತ್ತು, ಹೋಗು."

ಹತ್ತಿದೆ. ಅದೇ ವಿಮಾನ, ಅದೇ ನೆಲ. ಕಾಲು ಊರಲು ಭಯವಾಗಿ ಬೆರಳ ತುದಿಯಲ್ಲಿ ಕೂತಿದ್ದೆ. ಕಿಟಕಿಯಾಚೆ ಇವರು ಹಿಮದಲ್ಲಿ ನಿಂತಿದ್ದರು. ಮಗಳು ಗಾಜಿಗೆ ಮೂಗು ಒತ್ತಿ ಕೈ ಬೀಸಿದಳು. ಇವರು ನಮ್ಮ ಕಡೆ ನೋಡಲೇ ಇಲ್ಲ. ಚಕ್ರ ನೋಡುತ್ತಿದ್ದರು, ಆಮೇಲೆ ರೆಕ್ಕೆ, ಆಮೇಲೆ ಬಾಲ. ವಿಮಾನ ತಿರುಗಿ ಮರೆಯಾಗುವವರೆಗೂ ಅವರ ಕಣ್ಣು ಅದರ ಮೇಲೇ ಇತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೋಪನ್‌ಹೇಗನ್ನಿನಲ್ಲಿ ಇಳಿಯುವಾಗ ಪ್ರತಿಯೊಬ್ಬರೂ ಪೈಲಟ್ಟಿಗೆ ಥ್ಯಾಂಕ್ಸ್ ಹೇಳಿದರು, ಸೂಟಿನವನು ಕೂಡ. ಗೆಣ್ಣು ಒಡೆದುಕೊಂಡವರಿಗೆ ಯಾರೂ ಹೇಳಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಆಮೇಲೆ ನೆನಪಾಯಿತು, ನಾನೂ ಹೇಳಿರಲಿಲ್ಲ.

ಬೆಂಗಳೂರಿನ ಮುಂದಿನ ವಿಮಾನಕ್ಕೆ ರಾತ್ರಿಯೆಲ್ಲ ಕಾಯುತ್ತಾ ಫ್ರಾಂಕ್‌ಫರ್ಟಿನಲ್ಲಿ ಕೂತಿದ್ದಾಗ ಅಣ್ಣನಿಗೆ ಫೋನ್ ಮಾಡಿದೆ. "ಈಗಷ್ಟೇ ಒಳಗೆ ಕರ್ಕೊಂಡ್ ಹೋದ್ರು ಕಣೇ. ಬಾಗ್ಲು ಹತ್ರ ತಿರುಗಿ ತಿರುಗಿ ನೋಡ್ತಿದ್ಲು" ಎಂದ. ಆ ದಿನ ಹೇಗೆ ಕಳೆಯಿತೋ ಗೊತ್ತಿಲ್ಲ. ಬೆಂಗಳೂರಿನವರೆಗೂ ಅಮ್ಮ ಇದ್ದಾಳೋ ಇಲ್ಲವೋ ತಿಳಿಯದೆ ಆಕಾಶದಲ್ಲಿ ಕೂತಿದ್ದೆ. ಇಳಿದ ಮೇಲೂ ಅಣ್ಣನ ಮುಖ ಕಾಣುವವರೆಗೆ ಯಾರನ್ನೂ ಕೇಳುವ ಧೈರ್ಯ ಬರಲಿಲ್ಲ.

ಅಮ್ಮ ಇದ್ದಳು. ಮೈತುಂಬ ಕೊಳವೆಗಳು, ಮುಚ್ಚಿದ ಕಣ್ಣು. ಮಾತು ಬಂದ ಮೇಲೆ ಮೊದಲು ಕೇಳಿದ್ದು, "ಯಾಕೇ ಆವತ್ತು ಬರ್ಲಿಲ್ಲ?" ಎಂದು. ಸುಳ್ಳು ಹೇಳಲು ಮನಸ್ಸಾಗದೆ ಇದ್ದದ್ದನ್ನೆಲ್ಲ ಹೇಳಿದೆ. ತಾನು ಕೊಟ್ಟ ತಾಯಿತ ಎಲ್ಲಿ ಸಿಕ್ಕಿತು ಎಂಬುದನ್ನೂ. ಅಮ್ಮ ಮುಖ ತಿರುಗಿಸಿ ಚಾವಣಿ ನೋಡಿದಳು. ನೊಂದುಕೊಂಡಳೇನೋ ಎಂದು ಹೆದರಿದೆ. ಅವಳು ಪಕ್ಕದಲ್ಲಿ ನಿದ್ದೆಹೋಗಿದ್ದ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟಳು.

"ಅಳಿಯಂದ್ರು ಹೇಳ್ದೇ ಸುಮ್ನಿದ್ದಿದ್ರೆ?" ಎಂದಳು.

ವಾಪಸು ಬಂದಾಗ ಇವರು ಕೆಲಸದಲ್ಲಿದ್ದರು. ಕೆಲಸ ಹೋಗಿರಲಿಲ್ಲ. ಕೋಟು ಬಿಚ್ಚದೆಯೇ ಟೀ ಇಡೋಣವೆಂದು ಅಡುಗೆಮನೆಗೆ ಹೋದೆ. ರಟ್ಟಿನ ಹಲಗೆಯಲ್ಲಿ ಒಗ್ಗರಣೆ ಸೌಟಿನ ಪಕ್ಕ ಹೊಸದೊಂದು ಆಕಾರ ಬರೆದಿದ್ದರು, ಬೆರಳ ತುದಿಯಷ್ಟು. ಅಲ್ಲೊಂದು ಪುಟ್ಟ ಮೊಳೆ, ಮೊಳೆಗೆ ಹೊಸ ದಾರದಲ್ಲಿ ಅಮ್ಮನ ತಾಯಿತ. ಸಂಜೆ ಬಂದವರು ಕೈಕಾಲು ತೊಳೆದು, ಅದನ್ನು ತೆಗೆದು ನನ್ನ ಮುಂದೆ ಹಿಡಿದು ತೋಳು ಚಾಚಿದರು. ಕಟ್ಟಿದೆ. ಗೆಣ್ಣಿನ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಹೇಳಬೇಕಿದ್ದ ಮಾತನ್ನು ಆವತ್ತು ಹೇಳಿದೆ.

ಭಯವೇನೂ ಹೋಗಲಿಲ್ಲ. ಮನೆಯಲ್ಲಿದ್ದಾಗ ತಾಯಿತ ಅವರ ರಟ್ಟೆಗೆ, ಕೆಲಸಕ್ಕೆ ಹೋಗುವಾಗ ಬಿಚ್ಚಿ ಮೊಳೆಗೆ. ಬೆಳಿಗ್ಗೆ ಅವರು ಹೊರಟು ಬಾಗಿಲು ಹಾಕಿದ ಸದ್ದಾದರೆ ಸಾಕು, ಎಲ್ಲಿದ್ದರೂ ಅಡುಗೆಮನೆಗೆ ಓಡುತ್ತೇನೆ. ಮೊಳೆಯಲ್ಲಿ ತಾಯಿತ ತೂಗುತ್ತಿರುವುದನ್ನು ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ, ಆಮೇಲೆ ಒಲೆ ಹಚ್ಚುತ್ತೇನೆ.