ಬ್ಲೋ ಲ್ಯಾಂಪಿಲ್ಲದ ಮುನಿನಾರಾಯಣಪ್ಪ

ಬಂಗಾರಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭತ್ತದ ವ್ಯಾಪಾರಿ ಕೋದಂಡಪ್ಪನವರ ಅಂಗಳದಲ್ಲಿ ಅವರ ಹಳೆಯ ಆಸ್ಟಿನ್ ಕಾರು ಮರದ ದಿಮ್ಮಿಗಳ ಮೇಲೆ ಹಿಂಬದಿ ಎತ್ತಿಕೊಂಡು ನಿಂತಿದೆ. ಅದರಡಿಯಿಂದ ಹೊರಗೆ ಕಾಣುವುದು ಎರಡು ಬರಿಗಾಲು ಮಾತ್ರ. ಮನೆಯಾಕೆ ವೆಂಕಟರತ್ನಮ್ಮ ಬಚ್ಚಲ ಒಲೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಸರಳನ್ನು ಇಕ್ಕಳದಲ್ಲಿ ಹಿಡಿದು ತರುತ್ತಾರೆ. ಕಾರಿನಡಿಯಿಂದ ಗೋಣಿತಟ್ಟು ಸುತ್ತಿದ ಕೈಯೊಂದು ಬಂದು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಟ್ಟ ಎಣ್ಣೆಯ ಹೊಗೆ ಏಳುತ್ತದೆ, ತುಕ್ಕಿನ ಪುಡಿ ಉದುರುತ್ತದೆ. ಉದುರುವುದು ಆತನ ಮುಖದ ಮೇಲೆಯೇ.

ಆ ಕಾಲುಗಳ ಒಡೆಯರು ಮಾರಿಕುಪ್ಪಂನ ಮುನಿನಾರಾಯಣಪ್ಪ. ಪತ್ರಿಕೆಗೆ ಬರೆಯಲೆಂದು ನಾನು ನೋಡಲು ಬಂದಿರುವುದು ಇವರನ್ನೇ. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು ಬೋಲ್ಟುಗಳನ್ನು ಬಿಡಿಸುವುದಷ್ಟೇ ಇವರ ಕಸುಬು. ಸ್ವಂತ ಕಾರನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತೇವೆ ಎಂದು ಭಾನುವಾರ ತೋಳು ಮಡಿಸುವ ಯಜಮಾನರು ಸೋಮವಾರ ಹೇಳಿಕಳಿಸುವುದು ಇವರಿಗೆ. ಕೋದಂಡಪ್ಪನವರೂ ಹಾಗೆಯೇ. ಮುರಿದ ಸ್ಪ್ರಿಂಗ್ ಪಟ್ಟಿ ಬದಲಿಸಲು ಹೊರಟು, ಬಗ್ಗದ ನಟ್ಟಿಗೆ ಸ್ಪ್ಯಾನರ್ ಹಾಕಿ, ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಪೈಪಿನ ಮೇಲೆ ಹತ್ತಿ ಕುಣಿದರಂತೆ. ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು, ನಟ್ಟು ಮಾತ್ರ ಅಲುಗಲಿಲ್ಲ.

ಇಂಥ ನಟ್ಟಿಗೆ ಮದ್ದು ಬೆಂಕಿ. ಬ್ಲೋ ಲ್ಯಾಂಪು, ಅಂದರೆ ಪಂಪು ಹೊಡೆದು ಉರಿಸುವ ಸೀಮೆಎಣ್ಣೆಯ ಕೈದೀಪ, ಇದ್ದರೆ ದೂರದಿಂದಲೇ ಉರಿ ಹಾಯಿಸಿ ಕೆಲಸ ಮುಗಿಸಬಹುದು. ಹಳ್ಳಿಯ ಕಲಾಯಿಯವನ ಹತ್ತಿರವೂ ಅಂಥದ್ದೊಂದು ಇರುತ್ತದೆ. ಮುನಿನಾರಾಯಣಪ್ಪನವರ ಹತ್ತಿರ ಇಲ್ಲ. ಅದಕ್ಕೇ ಈ ಸರಳು, ಈ ಗೋಣಿತಟ್ಟು, ಮೊಣಕೈವರೆಗಿನ ಸುಟ್ಟ ಕಲೆಗಳು. ಮೂರು ವರ್ಷದ ಹಿಂದೆ ಕೆಂಡದಂಥ ತುಕ್ಕಿನ ಚಕ್ಕೆಯೊಂದು ಎಡಗಣ್ಣಿಗೆ ಬಿದ್ದು ಆ ಕಣ್ಣು ಹೋಯಿತು. ಈಗ ಬಲಗಣ್ಣೂ ಸಂಜೆಯಾದರೆ ನೀರಾಡುತ್ತದೆ. ಹೀಗೇ ಮಲಗಿ ಕೆಲಸ ಮಾಡಿದರೆ ಅದನ್ನೂ ಮರೆತುಬಿಡು ಎಂದು ಡಾಕ್ಟರು ಹೇಳಿಯಾಗಿದೆ.

ಲ್ಯಾಂಪು ಹಿಂದೆ ಇತ್ತು. ಐವತ್ತೆಂಟನೆಯ ಇಸವಿಯವರೆಗೆ ಇವರು ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರು. ರಜೆಯಲ್ಲಿ ಅವರಿವರ ಕಾರಿನ ಬೋಲ್ಟು ತಂದು, ಗಣಿಯವರು ಕೊಟ್ಟ ಲೈನ್ ಮನೆಯಲ್ಲೇ ಸರಿಮಾಡಿ ಕೊಡುತ್ತಿದ್ದರು. ತುಕ್ಕು ಬಿಡಲೆಂದು ಅವನ್ನು ಸಣ್ಣ ಮಣ್ಣಿನ ಕುಡಿಕೆಯಲ್ಲಿ ಬ್ಯಾಟರಿ ಆಸಿಡ್ಡಿಗೆ ಹಾಕಿ ಇಡುತ್ತಿದ್ದರು. ಬೇರೆ ಯಾವ ಊರಿನಲ್ಲಾದರೂ ಇದನ್ನು ನೋಡಿದವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಇದು ಚಿನ್ನದ ಊರು. ಕದ್ದ ಅದಿರನ್ನು ಮನೆಯಲ್ಲಿ ಕರಗಿಸುವವನ ಹತ್ತಿರ ಇರುವುದೂ ಇವೇ: ಆಸಿಡ್ಡು, ಮಣ್ಣಿನ ಮೂಸೆ, ಬ್ಲೋ ಲ್ಯಾಂಪು. ಒಂದು ಬೆಳಿಗ್ಗೆ ಗಣಿಯ ಕಾವಲಿನವರು ಬಂದರು. ಸಿಕ್ಕಿದ್ದನ್ನು ಸಾಲಾಗಿ ಜೋಡಿಸಿಟ್ಟರು. ಒಲೆ ಅಗೆದರು, ರಾಗಿ ಮಡಕೆ ನೆಲಕ್ಕೆ ಸುರಿದರು. ಚಿನ್ನದ ಒಂದು ಕಣವೂ ಸಿಗಲಿಲ್ಲ. ಮುನಿನಾರಾಯಣಪ್ಪ ಕಾರಿನಡಿಯಿಂದಲೇ ನನಗೆ ಹೇಳುತ್ತಾರೆ:

“ಸಿಗ್ಲಿಲ್ಲ ಅಂತ ಬುಟ್ಬುಟ್ರಾ ಸ್ವಾಮಿ? ಸಿಗ್ದಂಗೆ ಎಲ್ಲೋ ಊತವ್ನೆ ಅಂದ್ರು. ಕುಡಿಕೆಗೆ ಮೂಸೆ ಅಂದ್ರು. ಅದ್ರೊಳಗೆ ನಟ್ಟು ಇತ್ತು, ಬಗ್ಗಿ ನೋಡ್ಲೇ ಇಲ್ಲ.”

ಕೇಸು ನಡೆಯಲಿಲ್ಲ. ಕೇಸು ನಡೆಯದ ಕಾರಣ ತಪ್ಪಿಲ್ಲವೆಂದು ತೀರ್ಪೂ ಬರಲಿಲ್ಲ. ಕೆಲಸ ಹೋಯಿತು, ಲೈನ್ ಮನೆ ಹೋಯಿತು, ಲ್ಯಾಂಪು ಕಾವಲಿನವರ ಕೋಣೆ ಸೇರಿತು. ಹೊಸದನ್ನು ಕೊಂಡು ಮನೆಯಲ್ಲಿಟ್ಟರೆ ಮತ್ತೆ ಅದೇ ಆರೋಪ. ಯಾರಾದರೂ ದೊಡ್ಡ ಮನುಷ್ಯರು ನಿನ್ನ ಪರವಾಗಿ ಬಂದು ಹೇಳಿದರೆ ಕೊಡುತ್ತೇವೆ, ಮನೆಯಲ್ಲಿ ಇಟ್ಟುಕೊಳ್ಳಲು ಅಪ್ಪಣೆಯನ್ನೂ ಕೊಡುತ್ತೇವೆ ಎಂದರಂತೆ. ಆರು ವರ್ಷದಿಂದ ಆ ದೊಡ್ಡ ಮನುಷ್ಯನಿಗಾಗಿ ಹುಡುಕಾಟ ನಡೆದಿದೆ. ರಾಬರ್ಟ್‌ಸನ್‌ಪೇಟೆಯ ವಕೀಲರು, ಬೇತಮಂಗಲದ ಬಸ್ಸಿನ ಮಾಲೀಕರು, ಬಂಗಲೆಯ ಸಾಹೇಬರು, ಇವರೆಲ್ಲರ ಕಾರಿನಡಿ ಇವರು ಮಲಗಿ ಎದ್ದಿದ್ದಾರೆ. ಎಲ್ಲರೂ ಬೆನ್ನು ತಟ್ಟಿದ್ದಾರೆ. ಬೆನ್ನು ತಟ್ಟುವುದಕ್ಕೆ ಖರ್ಚಿಲ್ಲವಲ್ಲ.

ಕೋದಂಡಪ್ಪನವರು ಹಾಗಲ್ಲ ಎಂಬ ನಂಬಿಕೆ ಮುನಿನಾರಾಯಣಪ್ಪನವರಿಗೆ. ಕಾವಲಿನ ಅಧಿಕಾರಿ ಈ ವ್ಯಾಪಾರಿಯ ಮನೆಗೇ ಅಕ್ಕಿಗೆ ಬರುವವರು. ಕೆಲಸ ಮುಗಿಯಲಿ, ಮಾತಾಡೋಣ ಎಂದು ನಿನ್ನೆಯೇ ಹೇಳಿದ್ದಾರಂತೆ.

ಸರಳು ನಾಲ್ಕನೆಯ ಸಲ ಒಲೆಗೆ ಹೋಗಿ ಬರುತ್ತದೆ. ಬಿಸಿಯಾದ ನಟ್ಟಿಗೆ ಮೇಣದಬತ್ತಿ ಒತ್ತುತ್ತಾರೆ, ಕರಗಿದ ಮೇಣ ಸುರುಳಿಯೊಳಗೆ ಇಳಿಯುತ್ತದೆ. ಸುತ್ತಿಗೆಯ ಸಣ್ಣ ಏಟು. ಮೊದಲು ಬಿಗಿಯುವ ದಿಕ್ಕಿಗೆ ರವಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ. ಕಿರ್ರೆಂದು ನಟ್ಟು ತಿರುಗುತ್ತದೆ. ಕೋದಂಡಪ್ಪನವರು ಚಪ್ಪಾಳೆ ತಟ್ಟುತ್ತಾರೆ. ಕಾರಿನಡಿಯಿಂದ ಎದ್ದು ಬಂದವರು ಮುಖವನ್ನೂ ಒರೆಸಿಕೊಳ್ಳದೆ, ಸಾವ್ಕಾರ್ರೇ, ಲ್ಯಾಂಪಿನ ಆ ಮಾತು ಏನು ಮಾಡಿದಿರಿ ಎಂದು ಕೇಳುತ್ತಾರೆ.

ಕೋದಂಡಪ್ಪನವರು ಕೆಟ್ಟವರಲ್ಲ. ಕಾಫಿ ತರಿಸುತ್ತಾರೆ, ಜಗಲಿಯ ಮೇಲೆ ಕೂರಿಸುತ್ತಾರೆ. ಕೂರಿಸಿಯೇ ಹೇಳುತ್ತಾರೆ: “ನೋಡಪ್ಪಾ, ನೀನು ಒಳ್ಳೆಯವನೇ. ಆದರೆ ಇಲ್ಲಿ ನೀನು ಬೆಂಕಿ ಕೈಯಲ್ಲಿ ಹಿಡಿದಾಗ ನಾನು ನೋಡ್ತಾ ಇದ್ದೀನಿ. ನಿಮ್ಮನೇಲಿ ನೋಡೋರ್ಯಾರು? ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಹೆಸರು ಬರುತ್ತೆ.”

ವೆಂಕಟರತ್ನಮ್ಮ ಇಕ್ಕಳ ತೆಗೆದುಕೊಂಡು ಒಳಗೆ ಹೋಗುತ್ತಾರೆ. ನಾನು ನನ್ನ ಲೋಟವನ್ನು ಹಾಗೇ ಜಗಲಿಯ ಮೇಲೆ ಇಡುತ್ತೇನೆ. ಮುನಿನಾರಾಯಣಪ್ಪ ಮಾತ್ರ ತಮ್ಮ ಲೋಟವನ್ನು ಪೂರ್ತಿ ಕುಡಿದು, ತೊಳೆದು, ಬೋರಲು ಹಾಕುತ್ತಾರೆ. ಗೇಟಿನ ಹತ್ತಿರ ಬಂದವರೇ ಕೈಚೀಲದ ಬಾಯಿ ಅಗಲಿಸಿ, ಎರಡೂ ತೋಳು ಮೇಲೆತ್ತಿ ಒಂದು ಕ್ಷಣ ನಿಲ್ಲುತ್ತಾರೆ. ತಪಾಸಣೆ ಮಾಡುವವರು ಅಲ್ಲಿ ಯಾರೂ ಇಲ್ಲ. ಗಣಿಯ ಗೇಟಿನಲ್ಲಿ ಕಲಿತದ್ದು, ಮೈಗೆ ಹತ್ತಿಬಿಟ್ಟಿದೆ.

ಸ್ಟೇಷನ್ನಿನ ದಾರಿಯಲ್ಲಿ ನಾನು ಸಿಟ್ಟಿನಿಂದ ಏನೇನೋ ಅನ್ನುತ್ತೇನೆ. ಲ್ಯಾಂಪಿಗಾಗಿ ಪತ್ರಿಕೆಯಲ್ಲೇ ಬರೆಯುತ್ತೇನೆ ಎನ್ನುತ್ತೇನೆ. ಅವರು ಬೇಡವೆಂದು ತಲೆಯಾಡಿಸುತ್ತಾರೆ. ಊರು ಬಿಟ್ಟು ಹೋಗಬಹುದಿತ್ತಲ್ಲ ಎಂದರೆ, ಓಡಿಹೋದರೆ ಕದ್ದದ್ದು ನಿಜವೆಂದು ಆಗುತ್ತಿತ್ತು ಎನ್ನುತ್ತಾರೆ. ಹೆಂಡತಿ ಮುನಿಗಂಗಮ್ಮ ಬೀದಿ ನಲ್ಲಿಗೆ ಹೋದರೆ, ಚಿನ್ನ ಎಲ್ಲಿ ಹೂತಿಟ್ಟಿದ್ದೀಯೆ ಎಂದು ಹೆಂಗಸರು ಇವತ್ತಿಗೂ ಕೇಳುತ್ತಾರಂತೆ. ಆಕೆ ಈಗ ಎಲ್ಲರೂ ನೀರು ಹಿಡಿದು ಹೋದ ಮೇಲೆ, ಧಾರೆ ಸಣ್ಣಗಾದಾಗ ಹೋಗುತ್ತಾಳೆ.

ಮಾರಿಕುಪ್ಪಂನ ರೈಲು ಬರುತ್ತದೆ. ಮೆಟ್ಟಿಲ ಮೇಲೆ ಕಾಲಿಟ್ಟು ಅವರು ನನ್ನ ಕಡೆ ತಿರುಗುತ್ತಾರೆ.

“ಲ್ಯಾಂಪು ಅವ್ರೇ ಇಟ್ಕಳ್ಳಿ ಸ್ವಾಮಿ. ಕಣ್ಣು ಓದ್ರೆ ಓಗ್ಲಿ. ಆ ನಲ್ಲಿ ತಾವ ಬಂದು, ನಮ್ಮೋಳ ಮುಂದೆ, ನಿನ್ನ ಗಂಡ ಕದ್ದಿಲ್ಲ ಕಣಮ್ಮ ಅಂತ ಯಾರಾನ ಒಬ್ರು ಏಳ್ಬುಟ್ರೆ ಸಾಕು.”