ಫೋಟೋ ತೆಗೆದವಳು ಆ ಊರಿನವಳೇ

ನಮ್ಮ ಸೆನ್ಸೇ ಯಾರನ್ನಾದರೂ ನೋಡಬೇಕೆಂದರೆ ಮುಖವನ್ನು ಬೇರೆ ಕಡೆ ತಿರುಗಿಸುತ್ತಿದ್ದರು. ಎದುರಿಗೆ ಕೂತವರನ್ನು ಬಿಟ್ಟು ಪಕ್ಕದ ಗೋಡೆಯನ್ನೋ ಕಿಟಕಿಯ ಚಿಲಕವನ್ನೋ ದಿಟ್ಟಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಕಣ್ಣಿನ ನಡುಭಾಗದ ದೃಷ್ಟಿ ಪೂರ್ತಿ ಹೋಗಿ, ಅಂಚಿನಲ್ಲಿ ಮಾತ್ರ ಮಸುಕಾಗಿ ಒಂದಿಷ್ಟು ಉಳಿದಿತ್ತು. ಅವರು ನೇರವಾಗಿ ನಿಮ್ಮತ್ತ ತಿರುಗಿದರೆ ನೀವು ಅವರಿಗೆ ಕಾಣುತ್ತಿಲ್ಲ ಅಂತ ಅರ್ಥ. ಓರೆಯಾಗಿ ತಿರುಗಿದರೆ ನಿಮ್ಮನ್ನು ನೋಡುವ ಮನಸ್ಸಾಗಿದೆ ಅಂತ. ಮೊದಲ ದಿನ ಅವರು ನನ್ನನ್ನು ನೇರವಾಗಿಯೇ ನೋಡಿದರು.

ಜಪಾನಿನಲ್ಲಿ ಗುರುಗಳನ್ನು, ಗಂಡಸಾಗಲಿ ನಮ್ಮವರ ಹಾಗೆ ಹೆಂಗಸಾಗಲಿ, ಸೆನ್ಸೇ ಅನ್ನುತ್ತಾರೆ. ನಾನು ಕ್ಯೋಟೋದಲ್ಲಿ ಪಿಎಚ್.ಡಿ.ಗೆ ಸೇರಿದ್ದು ಕಂಪ್ಯೂಟರ್ ವಿಭಾಗದಲ್ಲಿ, ಅವರಿದ್ದದ್ದು ಇತಿಹಾಸ ವಿಭಾಗದಲ್ಲಿ. ಹಳೆಯ ಫೋಟೋಗಳನ್ನು ನೋಡಿ ಇಂಗ್ಲಿಷಿನಲ್ಲಿ ವಿವರಿಸಿ ಹೇಳಬಲ್ಲ ವಿದ್ಯಾರ್ಥಿ ಬೇಕು ಎಂಬ ಪ್ರಕಟಣೆ ಕಂಡು ಹೋಗಿದ್ದೆ. ಹೋದದ್ದು ನನಗೇ ಆಶ್ಚರ್ಯ. ದಾವಣಗೆರೆಯ ಕಾಲೇಜಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದ ಹುಡುಗಿ ನಾನು. ಫೋನಿನಲ್ಲಿ ಸುದ್ದಿ ಕೇಳಿದ ಅಮ್ಮ, "ಮಾತಾಡೋ ಕೆಲಸಾನಾ? ನಿಂಗಾ?" ಅಂತ ನಕ್ಕುಬಿಟ್ಟಿದ್ದಳು.

ಸೆನ್ಸೇ ಜೀವಮಾನವೆಲ್ಲ ಕೆಲಸ ಮಾಡಿದ್ದು ಒಂದೇ ಊರಿನ ಮೇಲೆ. ನೂರು ವರ್ಷಕ್ಕೂ ಹಿಂದೆ ಜರ್ಮನಿಯಿಂದ ಹೊರಟ ದೈವಭಕ್ತರ ಗುಂಪೊಂದು ಅಮೆರಿಕದ ಬಯಲಿನಲ್ಲಿ ಕಟ್ಟಿಕೊಂಡ ಊರು ಅದು. ಅಲ್ಲಿ ಹೊಲ, ಮಗ್ಗ, ಹಿಟ್ಟಿನ ಗಿರಣಿ ಎಲ್ಲವೂ ಎಲ್ಲರದು. ಮನೆಗಳಲ್ಲಿ ಒಲೆ ಹಚ್ಚುವಂತಿಲ್ಲ, ಕೇರಿಗೊಂದು ದೊಡ್ಡ ಅಡುಗೆಮನೆ, ಅಲ್ಲೇ ಎಲ್ಲರ ಊಟ. ಫೋಟೋ ತೆಗೆಸಿಕೊಳ್ಳುವುದು ಅಹಂಕಾರ ಎಂದು ಹಿರಿಯರು ಅದನ್ನು ನಿಷೇಧಿಸಿದ್ದರು. ಆದರೂ ಗಾಜಿನ ಫಲಕಗಳ ಮೇಲೆ ತೆಗೆದ ಒಂದಷ್ಟು ಚಿತ್ರಗಳು ಉಳಿದುಬಂದಿದ್ದವು. ಬಟ್ಟೆ ಒಗೆಯುವ ದಿನ, ಎಲೆಕೋಸಿನ ಕೊಯ್ಲು, ಶಾಲೆಯಲ್ಲಿ ಹುಡುಗಿಯರ ಜೊತೆ ಹುಡುಗರೂ ಕೂತು ಕಾಲುಚೀಲ ಹೆಣೆಯುತ್ತಿರುವುದು, ಇಂಥವು.

ಈ ಚಿತ್ರಗಳನ್ನು ತೆಗೆದವನು ಹೊರಗಿನಿಂದ ಬಂದು ಹೋದ ಯಾರೋ ಪ್ರವಾಸಿ ಎಂದು ಎಲ್ಲ ಪುಸ್ತಕಗಳೂ ಬರೆದಿದ್ದವು. ಸೆನ್ಸೇ ಒಬ್ಬರೇ ಒಪ್ಪಿರಲಿಲ್ಲ.

"ಪ್ರವಾಸಿ ಎದುರಿಗೆ ಯಾವ ಹೆಂಗಸೂ ಹೀಗೆ ಬಾಯಿ ತೆರೆದು ನಗೋದಿಲ್ಲ. ತೆಗೆದವಳು ಒಳಗಿನವಳು. ಬಹುಶಃ ಅದೇ ಅಡುಗೆಮನೆಯವಳು" ಎನ್ನುತ್ತಿದ್ದರು. ಒಮ್ಮೆ ದೊಡ್ಡ ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, "ಅನಿಸಿಕೆಯನ್ನು ಸಾಕ್ಷಿ ಅನ್ನೋಕಾಗಲ್ಲ" ಅಂದರಂತೆ. ಸಭೆ ನಕ್ಕಿತಂತೆ. "ಅವರು ಹೇಳಿದ್ದು ಸರಿ. ಅದಕ್ಕೇ ಕೋಪ ಬಂದದ್ದು" ಎಂದು ಸೆನ್ಸೇ ನನಗೆ ಹೇಳಿದರು.

ಸಾಕ್ಷಿ ಹುಡುಕುವುದರೊಳಗೆ ಕಣ್ಣು ಹೋಯಿತು.

ನಮ್ಮ ಮಾತೆಲ್ಲ ಇಂಗ್ಲಿಷು, ನಡುನಡುವೆ ನನ್ನ ಹರಕು ಜಪಾನೀಸು. ನಾನು ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದು ಮಾಡಿ ನೋಡುತ್ತ ಹೇಳುವುದು, ಅವರು ಕಣ್ಣುಮುಚ್ಚಿ ಕೇಳುವುದು. ಪಕ್ಕದಲ್ಲಿ ಫ್ಲಾಸ್ಕಿನ ಚಹಾ, ಕೊಂಬಿನಿ ಅನ್ನುವ ಮೂಲೆಯಂಗಡಿಯಿಂದ ನಾನು ತಂದ ಅನ್ನದ ಉಂಡೆ. ಮೊದಲ ದಿನವೇ, "ಸುಂದರವಾದ ಚಿತ್ರ" ಎಂದು ಶುರು ಮಾಡಿದ್ದೆ.

"ಸುಮಾ-ಸಾನ್, ಸುಂದರ ಅಂದ್ರೆ ನನಗೆ ಏನು ಕಾಣಿಸ್ಬೇಕು? ಆ ಪದ ಇನ್ಮೇಲೆ ಬೇಡ. ಮೂಲೆಯಿಂದ ಶುರು ಮಾಡಿ. ಮಧ್ಯದಲ್ಲಿರೋದನ್ನ ಎಲ್ಲರೂ ನೋಡಿದ್ದಾರೆ."

ಮಾತು ಸಿಗದೆ ತಡವರಿಸುವಾಗ ನನ್ನ ಬಾಯಿಂದ "ಆಮೇಲೆ… ಆಮೇಲೆ…" ಎಂದು ಕನ್ನಡ ಬಂದುಬಿಡುತ್ತಿತ್ತು. ಅದನ್ನವರು ಕಲಿತರು. ನಾನು ಸುಮ್ಮನಾದ ಕೂಡಲೇ ಕಣ್ಣು ಮುಚ್ಚಿಕೊಂಡೇ, "ಆಮೇಲೆ?" ಎಂದು ಕೇಳುವರು. ಹೆಂಗಸರು ಸುತ್ತ ಕೂತು ತರಕಾರಿ ಹೆಚ್ಚುವ ಚಿತ್ರ ಬಂದಾಗ ನಮ್ಮ ಕಡೆ ಮದುವೆ ಛತ್ರಗಳ ಅಡುಗೆಮನೆ ನೆನಪಾಯಿತು. ಈಳಿಗೆಮಣೆ ಅಂದರೇನು, ಅದರ ಮೇಲೆ ಕಾಲು ಮಡಿಚಿ ಹೇಗೆ ಕೂರುತ್ತಾರೆ ಅಂತ ನೆಲದ ಮೇಲೆ ಕೂತು ತೋರಿಸಿದೆ. ಸೆನ್ಸೇ ಕುರ್ಚಿಯಿಂದ ಇಳಿದು ನನ್ನ ಮೊಣಕಾಲು ಎಲ್ಲಿದೆ, ಕೈ ಎಲ್ಲಿದೆ ಎಂದು ಮುಟ್ಟಿ ನೋಡಿದರು. ಅವತ್ತು ಮೊದಲ ಸಲ ಅವರ ಮುಖ ಓರೆಯಾಗಿ ತಿರುಗಿತು.

ಕ್ಯೋಟೋದ ಒಂದು ಚಿಕ್ಕ ಮ್ಯೂಸಿಯಂ ಈ ಚಿತ್ರಗಳ ಪ್ರದರ್ಶನ ಇಡಲು ಒಪ್ಪಿತ್ತು. ಅದರ ಉಸ್ತುವಾರಿಯ ಹೆಂಗಸು ಒಳ್ಳೆಯವರೇ, ಆದರೆ ಗಟ್ಟಿ. "ಸೆನ್ಸೇ, ಸುಮಿಮಾಸೆನ್, ಕ್ಷಮಿಸಿ, ಚಿತ್ರದ ಕೆಳಗಿನ ಫಲಕದಲ್ಲಿ 'ಅನಾಮಧೇಯ ಪ್ರವಾಸಿ' ಅಂತಲೇ ಹಾಕ್ಬೇಕಾಗುತ್ತೆ. ಪುಸ್ತಕಗಳಲ್ಲಿ ಇರೋದು ಅದೇ" ಅಂದರು. ಸೆನ್ಸೇ ತಲೆ ಬಾಗಿಸಿ ಎದ್ದು ಬಂದರು. ಮುಂದಿನ ಮಾರ್ಚಿಗೆ ಅವರ ನಿವೃತ್ತಿ. ಇದು ಅವರ ಕೊನೆಯ ಪ್ರದರ್ಶನ, ಅದರಲ್ಲೂ ತಾವು ನಂಬದ ಮಾತೇ ಗೋಡೆಯ ಮೇಲೆ ಇರಬೇಕು.

ಆ ವಾರವೇ, ಗಾಜಿನ ಫಲಕಗಳನ್ನು ಕಾಪಾಡಿಟ್ಟಿದ್ದ ಅಮೆರಿಕದ ಸಂಗ್ರಹಾಲಯದಿಂದ ಅವುಗಳ ಪೂರ್ತಿ ಅಳತೆಯ ಪ್ರತಿಗಳು ಬಂದವು. ಅಲ್ಲಿಯವರೆಗೆ ನಾವು ನೋಡುತ್ತಿದ್ದುದು ಪುಸ್ತಕಕ್ಕೆಂದು ಅಂಚು ಕತ್ತರಿಸಿದ ಚಿತ್ರಗಳನ್ನು. ಅಡುಗೆಮನೆಯ ಅಂಗಳದಲ್ಲಿ ಹೆಂಗಸರು ಈರುಳ್ಳಿ ಹರಡುತ್ತಿರುವ ಚಿತ್ರವನ್ನು ತೆರೆದು, ಎಂದಿನಂತೆ ಮೂಲೆಯಿಂದ ಹೇಳತೊಡಗಿದೆ.

"ಕೆಳಗಡೆ ಎಡ ಮೂಲೆ. ಮಣ್ಣು. ಮಣ್ಣಿನ ಮೇಲೆ ಉದ್ದನೆ ನೆರಳು, ಮೂರು ಕಡ್ಡಿ ನಿಲ್ಲಿಸಿದ ಹಾಗೆ."

"ಕ್ಯಾಮೆರಾ ಸ್ಟ್ಯಾಂಡ್. ಸೂರ್ಯ ಬೆನ್ನ ಹಿಂದೆ ಇದ್ದಾನೆ. ಆಮೇಲೆ?"

"ಪಕ್ಕದಲ್ಲಿ ಇನ್ನೊಂದು ನೆರಳು. ಒಂದು ಕೈ ಕ್ಯಾಮೆರಾ ಕಡೆ ಚಾಚಿದೆ. ಸೊಂಟದಿಂದ ಕೆಳಗೆ ಗಂಟೆ ಥರ ಅಗಲ ಆಗಿದೆ. ತಲೆ ದೊಡ್ಡದು… ಕುತ್ತಿಗೆನೇ ಇಲ್ಲ ಸೆನ್ಸೇ. ತಲೆಯಿಂದ ಭುಜದವರೆಗೂ ಏನೋ ಇಳಿಬಿದ್ದಿದೆ."

ಅವರು ಕಣ್ಣು ತೆರೆದರು. "ಇನ್ನೊಂದ್ಸಲ ಹೇಳಿ. ಕುತ್ತಿಗೆ?"

"ಇಲ್ಲ."

ಆ ಊರಿನ ಹೆಂಗಸರು ಬಿಸಿಲಿಗೆ ಹಾಕಿಕೊಳ್ಳುತ್ತಿದ್ದ ಟೋಪಿಯ ಹಿಂದೆ ಭುಜದ ತನಕ ಬಟ್ಟೆಯ ಜಾಲರಿ ಇಳಿಬಿದ್ದಿರುತ್ತಿತ್ತು. ಹೊರಗಿನಿಂದ ಬರುವ ಪ್ರವಾಸಿ ಹೆಂಗಸರು ಅಷ್ಟು ಉದ್ದದ್ದನ್ನು ಹಾಕುತ್ತಿರಲಿಲ್ಲ. ನೆರಳು ಚಿತ್ರವನ್ನು ಕೆಡಿಸಿದೆ ಎಂದು ಪುಸ್ತಕದವರು ಆ ಅಂಚನ್ನೇ ಕತ್ತರಿಸಿ ಎಸೆದಿದ್ದರು! ಸೆನ್ಸೇ ಮೇಜಿನ ಮೇಲೆ ಎರಡೂ ಅಂಗೈ ಊರಿ ಎದ್ದು ನಿಂತರು. ಕುಣಿಯುತ್ತಾರೇನೋ ಅಂದುಕೊಂಡೆ. "ಸುಮಾ-ಸಾನ್, ಹೊಲಿಗೆ ಬರುತ್ತಾ?" ಎಂದು ಕೇಳಿದರು.

ಇದೂ ಅನಿಸಿಕೆಯೇ ಎಂದು ಯಾರೂ ಮತ್ತೆ ಅನ್ನದಂತೆ, ಅಂಥದ್ದೇ ನೆರಳನ್ನು ನಾವೇ ಬೀಳಿಸಿ ತೋರಿಸಬೇಕಿತ್ತು. ಅವರ ಹತ್ತಿರವಿದ್ದ ಟೋಪಿಯ ನಮೂನೆ ನೋಡಿ ನಾನು ಕಪ್ಪು ಹತ್ತಿಬಟ್ಟೆಯಲ್ಲಿ ಒಂದನ್ನು ಹೊಲಿದೆ. ಬಿಸಿಲಿದ್ದ ಒಂದು ಸಂಜೆ ಇಬ್ಬರೂ ಕಾಮೋ ನದಿಯ ದಂಡೆಗೆ ಹೋದೆವು. ಮೊದಲು ಹಳೆಬಟ್ಟೆ ಅಂಗಡಿಯಿಂದ ತಂದ ಗಂಡಸರ ಹ್ಯಾಟು, ಪ್ಯಾಂಟು ಹಾಕಿಕೊಂಡು ನಾನು ಕ್ಯಾಮೆರಾ ಪಕ್ಕ ನಿಂತು ಒಂದು ಚಿತ್ರ ತೆಗೆದೆ. ಆಮೇಲೆ ಸೆನ್ಸೇ ನೆರಿಗೆಯ ಉದ್ದ ಲಂಗ ಸುತ್ತಿ, ಟೋಪಿಯ ದಾರ ಗದ್ದಕ್ಕೆ ಕಟ್ಟಿಕೊಂಡು ನಿಂತರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಶಾಲೆಯ ಹುಡುಗಿಯರು ಇಳಿದು ಕಿಸಿಕಿಸಿ ನಕ್ಕರು. ಸೆನ್ಸೇ ಅವರ ಕಡೆ ತಿರುಗಿ ಟೋಪಿಯ ಅಂಚು ಹಿಡಿದು ರಾಣಿಯ ಹಾಗೆ ಬಾಗಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಬಟನ್ ಒತ್ತಿದ್ದು ಸೆನ್ಸೇಯೇ.

ಮಾರನೆಯ ದಿನ ಮ್ಯೂಸಿಯಂನ ಮೇಜಿನ ಮೇಲೆ ಮೂರು ನೆರಳುಗಳನ್ನು ಸಾಲಾಗಿ ಇಟ್ಟೆವು. ಹ್ಯಾಟಿನ ಗಂಡಸಿಗೆ ಕುತ್ತಿಗೆ ಇತ್ತು. ಸೆನ್ಸೇಗೂ ಈರುಳ್ಳಿ ಅಂಗಳದ ನೆರಳಿಗೂ ಇರಲಿಲ್ಲ. ಉಸ್ತುವಾರಿಯವರು ಬಹಳ ಹೊತ್ತು ಬಗ್ಗಿ ನೋಡಿ, ಅಲ್ಲೇ ಕೂತು ಅಮೆರಿಕಕ್ಕೆ ಮೇಲ್ ಬರೆದರು. ಸಂಗ್ರಹಾಲಯದವರು ತಮ್ಮಲ್ಲಿದ್ದ ಮೂಲ ಗಾಜನ್ನೇ ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಒಪ್ಪಿದರು. ಹೆಸರು ಊಹಿಸಬಹುದಲ್ಲ ಎಂದು ನಾನು ಉತ್ಸಾಹದಲ್ಲಿ ಕೇಳಿದ್ದಕ್ಕೆ ಸೆನ್ಸೇ, "ಬೇಡ. ಗೊತ್ತಿರೋದನ್ನ ಮಾತ್ರ ಬರೆಯೋಣ. ಅಷ್ಟೇ ಬೇಕಾದಷ್ಟಾಯ್ತು" ಅಂದರು.

ಪ್ರದರ್ಶನ ಶುರುವಾದ ದಿನ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸೆನ್ಸೇ ನೀಲಿ ಕಿಮೋನೋ ಉಟ್ಟು, ನನ್ನ ತೋಳು ಹಿಡಿದು, ತಮಗೆ ಕಾಣದ ಒಂದೊಂದು ಚಿತ್ರದ ಮುಂದೆಯೂ ನಿಂತು ಜನಕ್ಕೆ ಹೇಳಿದರು. ಹೆಣೆಯುತ್ತಿದ್ದ ಹುಡುಗರಲ್ಲಿ ಯಾರ ಕಾಲುಚೀಲ ಸೊಟ್ಟಗಿದೆ ಅನ್ನುವುದೂ ಅವರಿಗೆ ಬಾಯಿಪಾಠ. ಈರುಳ್ಳಿಯ ಚಿತ್ರದ ಹತ್ತಿರ ಬರುವಾಗ, ಅಂದು ಸಭೆಯಲ್ಲಿ ಎದ್ದು ನಿಂತಿದ್ದ ಆ ಹಿರಿಯ ಪ್ರಾಧ್ಯಾಪಕರು ಅಲ್ಲಿ ಕೋಲೂರಿ ನಿಂತಿದ್ದರು. ನಾನು ಪಿಸುಮಾತಿನಲ್ಲಿ ತಿಳಿಸಿದೆ. ಸೆನ್ಸೇ ಅವರಿಗೆ ವಂದಿಸಿ, "ನನಗೆ ಅಕ್ಷರ ಕಾಣಿಸಲ್ಲ. ಫಲಕದಲ್ಲಿ ಏನು ಬರೆದಿದೆ ಅಂತ ದಯವಿಟ್ಟು ಓದಿ ಹೇಳ್ತೀರಾ?" ಎಂದು ಕೇಳಿದರು.

ಅವರು ಕನ್ನಡಕ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು: "ಛಾಯಾಗ್ರಹಣ: ಇದೇ ಊರಿನ ಒಬ್ಬ ಮಹಿಳೆ."

"ಇನ್ನೊಮ್ಮೆ" ಅಂದರು ಸೆನ್ಸೇ.

ಅವರು ಇನ್ನೊಮ್ಮೆ ಓದಿದರು. ಓದಿ, ಸೊಂಟ ಬಗ್ಗಿಸಿ ಆಳವಾಗಿ ವಂದಿಸಿದರು. ಹಾಲ್ ತುಂಬ ಚಪ್ಪಾಳೆ. ಸೆನ್ಸೇ ಮುಖ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯದು.

ಆಮೇಲೆ ಎರಡು ವರ್ಷ ಅವರು ಬದುಕಿದ್ದರು. ನಿವೃತ್ತಿಯಾದ ಮೇಲೂ ಊರೂರಿಗೆ ಭಾಷಣಕ್ಕೆ ಹೋದರು, ನನ್ನ ಪ್ರಬಂಧವನ್ನು ನನ್ನಿಂದಲೇ ಜೋರಾಗಿ ಓದಿಸಿ ತಿದ್ದಿದರು. ಕಳೆದ ಮಳೆಗಾಲದಲ್ಲಿ, ನ್ಯುಮೋನಿಯಾ ಆಗಿ ಕೆಲವೇ ದಿನದಲ್ಲಿ ಹೋಗಿಬಿಟ್ಟರು.

ವಿಶ್ವವಿದ್ಯಾಲಯದಲ್ಲಿ ನಡೆದ ಸ್ಮರಣೆಯ ಸಭೆಯಲ್ಲಿ ಮಾತಾಡಲು ನನ್ನನ್ನು ಕರೆದರು. ತುಂಬಿದ ಸಭಾಂಗಣ, ಅದೂ ಜಪಾನೀಸಿನಲ್ಲಿ. ಕೈಯಲ್ಲಿ ಕಾಗದ ಇಟ್ಟುಕೊಳ್ಳದೆ ಮೆಟ್ಟಿಲು ಹತ್ತಿದೆ. ಅವರು ನಡೆಯುವಾಗ ಕೇಳಿಸುತ್ತಿದ್ದ ಚಪ್ಪಲಿಯ ಸದ್ದು, ಅನ್ನದ ಉಂಡೆಯ ಸುತ್ತಲಿನ ಪ್ಲಾಸ್ಟಿಕ್ಕನ್ನು ಎಂದೂ ಹರಿಯದೆ ಬಿಡಿಸುತ್ತಿದ್ದ ಬೆರಳು, ಕೋಪ ಬಂದಾಗ ಇನ್ನೂ ವಿನಯವಾಗುತ್ತಿದ್ದ ದನಿ, ಎಲ್ಲ ಹೇಳಿದೆ. ಜನ ನಕ್ಕರು, ಅತ್ತರು. ನನ್ನ ದನಿ ಒಂದು ಸಲವೂ ಸೋಲಲಿಲ್ಲ.

ಕೆಳಗಿಳಿದಾಗ ಕನಜಾವಾದಿಂದ ಬಂದಿದ್ದ ಅವರ ಅಕ್ಕ, ತೀರ ವಯಸ್ಸಾದ ಹೆಂಗಸು, ಮುಂದಿನ ಸಾಲಿನಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಅರಿಗಾತೋ, ತುಂಬಾ ಧನ್ಯವಾದ. ನನ್ನ ತಂಗಿ ಇಷ್ಟು ಹೊತ್ತು ಆ ವೇದಿಕೆ ಮೇಲೇ ನಿಂತಿದ್ದಳು" ಅಂದರು. "ಕಣ್ತುಂಬ ನೋಡಿದೆ."