ಬಲಿಪೂಜೆಗೆ ಮೊದಲು ಓದಿದ ಚೀಟಿ

ಮನೆಯಲ್ಲಿ ಯಾರಿಗೂ ಬೇಡವಾದ, ಆದರೆ ಎಸೆಯಲು ಮನಸ್ಸು ಬಾರದ ವಸ್ತುಗಳೆಲ್ಲ ಕಾಲಕ್ರಮದಲ್ಲಿ ಅಜ್ಜಿಯ ಕೋಣೆಗೆ ಬಂದು ಸೇರುತ್ತವೆ ಎಂಬುದನ್ನು ನೀವೂ ಗಮನಿಸಿರಬಹುದು. ಗಲ್ಫಿನ ಈ ಸನದ್‌ ಊರಿನ ನಮ್ಮ ಫ್ಲ್ಯಾಟಿನಲ್ಲಿ ನನ್ನ ಪಾಲಿಗೆ ಬಂದ ಕೋಣೆಯಲ್ಲಿ ಚಕ್ರ ಮುರಿದ ಎರಡು ಸೂಟ್‌ಕೇಸು, ವರ್ಷಕ್ಕೆ ಮೂರೇ ವಾರ ಮರ್ಯಾದೆ ಕಾಣುವ ಒಂದು ರೂಮ್ ಹೀಟರು, ಕ್ರಿಸ್ಮಸ್ ಗೋದಲಿಯ ಪೆಟ್ಟಿಗೆ, ಅದರೊಳಗೆ ಒಂದು ಕಿವಿ ಕಳೆದುಕೊಂಡ ಕತ್ತೆ, ಮತ್ತು ನಾನು, ಇಷ್ಟು ಜನ ಪರಸ್ಪರ ಅನುಸರಿಸಿಕೊಂಡು ಬಾಳುತ್ತಿದ್ದೇವೆ. ಹೋದ ವರ್ಷ ಈ ಸಂಸಾರಕ್ಕೆ ಇನ್ನೊಂದು ಸೇರ್ಪಡೆಯಾಯಿತು. ಅದೊಂದು ಗುಟ್ಟು.

ತಂದವಳು ಮೊಮ್ಮಗಳು ಶೆರಲ್. ಇಲ್ಲಿಯೇ ನರ್ಸಿಂಗ್ ಓದುತ್ತಿದ್ದಾಳೆ, ಕೊನೆಯ ವರ್ಷ. ಒಂದು ಸಂಜೆ ಬಂದು ಬಾಗಿಲು ಮುಂದೆ ಮಾಡಿ, "ಗ್ರ್ಯಾನಿ, ನಿಮ್ಮ ಬೀರು ಮಮ್ಮಿ ತೆರೆಯುವುದಿಲ್ಲ ಅಲ್ವಾ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಬೀರುವಿನ ಬಾಗಿಲ ಒಳಮೈಗೆ ದೊಡ್ಡದೊಂದು ಚಾರ್ಟ್ ಅಂಟಿಸಿದಳು. ನರ್ಸಿಂಗ್ ಮುಗಿದ ಕೂಡಲೇ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವ ಯೋಜನೆ ಅದು. ನೂರಾರು ಜನ ನುಗ್ಗುವ ಬಾಗಿಲಿಗೆ ಬೆರಳೆಣಿಕೆಯ ಸೀಟು. ಮಾರ್ಕು ಬೇಕು, ಪ್ರವೇಶ ಪರೀಕ್ಷೆ ಬೇಕು, ಕೊನೆಗೆ ಒಂದು ಇಂಟರ್‌ವ್ಯೂ ಬೇಕು.

ಓದುಗರೇ, ಯೋಜನೆಯ ರೂಪ ನೋಡಿ ನನಗೆ ನಗು ಬಂತು. ನರ್ಸಿಂಗ್ ಮಕ್ಕಳಿಗೆ ಪ್ರತಿಯೊಬ್ಬ ರೋಗಿಗೂ ಒಂದು ಕೇರ್ ಪ್ಲ್ಯಾನ್ ಬರೆಯಲು ಕಲಿಸುತ್ತಾರಂತೆ: ಸಮಸ್ಯೆ, ಗುರಿ, ಉಪಚಾರ, ಪರಿಣಾಮ ಎಂದು ನಾಲ್ಕು ಕಾಲಮ್ಮು. ಹುಡುಗಿ ತನ್ನ ಮಹತ್ವಾಕಾಂಕ್ಷೆಯನ್ನೇ ಹಾಸಿಗೆಯ ಮೇಲೆ ಮಲಗಿಸಿ ಕೇರ್ ಪ್ಲ್ಯಾನ್ ಬರೆದಿದ್ದಳು. ಸಮಸ್ಯೆ: ಕೆಮಿಸ್ಟ್ರಿ ದುರ್ಬಲ; ಗುರಿ: ಸುಧಾರಣೆ; ಉಪಚಾರ: ದಿನಕ್ಕೊಂದು ಅಧ್ಯಾಯ. ಸಮಸ್ಯೆ: ಇಂಟರ್‌ವ್ಯೂನಲ್ಲಿ ನಾಲಿಗೆ ಒಣಗುವುದು. ಕಟ್ಟಕಡೆಯ ಸಾಲಿನಲ್ಲಿ, ಸಮಸ್ಯೆ: ಮಮ್ಮಿ. ಅದರ ಮುಂದಿನ ಮೂರು ಕಾಲಮ್ಮುಗಳು ಖಾಲಿ.

ಮಮ್ಮಿ ಎಂದರೆ ನನ್ನ ಮಗಳು ಲವೀನಾ, ಸಲ್ಮಾನಿಯಾ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅಳಿಯ ಹಡಗಿನ ಕೆಲಸದವನಾದ್ದರಿಂದ ಈ ಮನೆಯನ್ನು ನಿಲ್ಲಿಸಿದ್ದು, ನಡೆಸಿದ್ದು ಎಲ್ಲ ಅವಳ ಬಿಳಿ ಶೂಗಳೇ. ಮಗಳು ನರ್ಸಿಂಗ್ ಸೇರಿದ ದಿನ ತನ್ನ ಹಳೆಯ ಸ್ಟೆತೊಸ್ಕೋಪನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ರಿಬ್ಬನ್ ಕಟ್ಟಿ ಕೊಟ್ಟವಳು. ಅಂಥವಳ ಮುಂದೆ 'ನನಗೆ ಇದು ಸಾಲದು' ಎನ್ನುವುದು ಹೇಗೆ?

"ಸೀಟು ಸಿಗದಿದ್ರೂ ಚಿಂತೆ ಇಲ್ಲ ಗ್ರ್ಯಾನಿ. ಮಮ್ಮಿಗೆ ಬೇಜಾರಾದ್ರೆ ನಾನು ಅರ್ಜಿಯೇ ಹಾಕುವುದಿಲ್ಲ. ಯಾರಿಗೂ ಹೇಳ್ಬೇಡಿ, ಪ್ರಾಮಿಸ್?"

ಪ್ರಾಮಿಸ್ ಮಾಡಿದೆ. ಗುಟ್ಟಿನ ವಿಷಯದಲ್ಲಿ ನಾನು ಅನನುಭವಿಯೇನಲ್ಲ. ಕಾನ್ವೆಂಟಿನ ಕೊನೆಯ ವರ್ಷ ನನಗೂ ಬಾಟನಿ ಓದುವ ಹುಚ್ಚಿತ್ತು. ಅಪ್ಪ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ಆ ಟೈಪಿಂಗೇ ನನ್ನನ್ನು ಸಮುದ್ರ ದಾಟಿಸಿ ಇಲ್ಲಿನ ಮೀನಾ ಸಲ್ಮಾನ್ ಬಂದರಿನ ಒಂದು ಕಚೇರಿಯಲ್ಲಿ ಕೂರಿಸಿತು. ಆಸೆಯನ್ನು ನಾನು ಎಷ್ಟು ಜೋಪಾನವಾಗಿ ಬಚ್ಚಿಟ್ಟೆನೆಂದರೆ, ಆಮೇಲೆ ಹುಡುಕಿದಾಗ ನನಗೂ ಸಿಗಲಿಲ್ಲ. ಅದಕ್ಕೇ ಇರಬೇಕು, ಬೀರುವಿನೊಳಗಿನ ಆ ಚಾರ್ಟನ್ನು ಸೀರೆ ತೆಗೆಯುವ ನೆಪದಲ್ಲಿ ದಿನಕ್ಕೆರಡು ಬಾರಿ ನೋಡುತ್ತಿದ್ದೆ.

ಮನುಷ್ಯರಿಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ದೇವರಿಗೆ ಹೇಳಬಾರದೆಂದೇನೂ ಇರಲಿಲ್ಲವಷ್ಟೆ? ಚರ್ಚಿನಲ್ಲಿ ಶುಕ್ರವಾರ ನಡೆಯುವ ಕೊಂಕಣಿ ಬಲಿಪೂಜೆಗೆ ಶೆರಲ್ ಹೆಸರಿನಲ್ಲಿ ಒಂದು ಇಂಟೆನ್ಶನ್ ಕೊಡೋಣವೆಂದು ಇಗರ್ಜಿಯ ಆಫೀಸಿಗೆ ಹೋದೆ. ಯಾವ ಉದ್ದೇಶಕ್ಕಾಗಿ ಪ್ರಾರ್ಥನೆ ಎಂದು ಚೀಟಿಯಲ್ಲಿ ಬರೆಯಬೇಕು. ವ್ಯವಹಾರಜ್ಞಾನವುಳ್ಳವರು 'ವಿಶೇಷ ಉದ್ದೇಶ' ಎಂದಷ್ಟೇ ಗೀಚಿ ಕೈತೊಳೆದುಕೊಳ್ಳುತ್ತಾರೆ. ಆದರೆ 'ಫಾರ್ಮ್ ತುಂಬುವಾಗ ಸಂದಿಗ್ಧತೆಗೆ ಅವಕಾಶ ಕೊಡಕೂಡದು' ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಡಿದು ಕಲಿಸಿದ ಪಾಠ ಈ ವಯಸ್ಸಿಗೂ ನನ್ನ ಗೆಣ್ಣಿನಲ್ಲಿದೆ. ಅಚ್ಚುಕಟ್ಟಾದ ಕ್ಯಾಪಿಟಲ್ ಅಕ್ಷರಗಳಲ್ಲಿ, ಹೆಸರು, ತರಗತಿ, ಬೇಡಿಕೆ ಎಲ್ಲವನ್ನೂ ಸವಿವರವಾಗಿ ತುಂಬಿದೆ. ಚೀಟಿಗಳನ್ನು ಪೂಜೆಗೆ ಮೊದಲು ಮೈಕಿನಲ್ಲಿ ಓದುತ್ತಾರೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ದಶಕಗಳಿಂದ ಕೇಳುತ್ತ ಬಂದವಳು. ಆದರೆ ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ದೇವರು ಮತ್ತು ಸಿಸ್ಟರ್ ಇಬ್ಬರೇ.

ಶುಕ್ರವಾರ ಮೂರೂ ಜನ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ಒಬ್ಬರ ಪುಣ್ಯಸ್ಮರಣೆ, ಒಬ್ಬರ ಮದುವೆಯ ವಾರ್ಷಿಕೋತ್ಸವ ಓದಿಯಾದ ಮೇಲೆ ಮೈಕಿನಿಂದ ಸುಸ್ಪಷ್ಟವಾಗಿ ಬಂತು: "ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ ಶೆರಲ್‌ಗೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಗಲೆಂದು, ಅವಳ ಅಜ್ಜಿಯಿಂದ." ಶೆರಲ್ ನನ್ನ ತೋಳು ಹಿಡಿದಳು. ಲವೀನಾ ತಿರುಗಲಿಲ್ಲ, ಅವಳ ಕೈಯಲ್ಲಿದ್ದ ಹಾಡಿನ ಪುಸ್ತಕ ಮಾತ್ರ ಮೆಲ್ಲಗೆ ಮುಚ್ಚಿಕೊಂಡಿತು.

ಹೊರಗೆ ಬಂದರೆ ಪರಿಚಯದ ಐರಿನ್ ಬಾಯಿ ಕಾದು ನಿಂತಿದ್ದರು. "ಎಂತ ಲವೀನಾ, ಇನ್ನು ಮಗಳಿಗೇ ಗುಡ್ ಮಾರ್ನಿಂಗ್ ಡಾಕ್ಟರ್ ಅನ್ನಬೇಕಲ್ಲ ಮಾರಾಯ್ತಿ! ನಮಗೆಲ್ಲ ಮೈಕಿನಲ್ಲೇ ಗೊತ್ತಾಗಬೇಕಾ?"

"ನನಗೂ ಮೈಕಿನಲ್ಲೇ ಗೊತ್ತಾದದ್ದು," ಎಂದಳು ಲವೀನಾ, ನಗುತ್ತಲೇ.

ಆ ನಗು ಕಾರಿನ ಬಾಗಿಲವರೆಗೆ ಮಾತ್ರ ಬಂತು. ಆಮೇಲೆ ಮೂರು ದಿನ ಮನೆಯಲ್ಲಿ ಉಪ್ಪು, ನೀರು, ಬೀಗದ ಕೈ ಇಷ್ಟರ ವಿನಾ ಮಾತಿಲ್ಲ. ಶೆರಲ್ ನನ್ನನ್ನು ಬೈಯಲೂ ಇಲ್ಲ; ಕೆಮಿಸ್ಟ್ರಿ ಪುಸ್ತಕಗಳನ್ನು ತಂದು ನನ್ನ ಮುರಿದ ಸೂಟ್‌ಕೇಸಿನೊಳಗಿಟ್ಟು ಹೋದಳು. ಬೈದಿದ್ದರೆ ವಾಸಿ ಇತ್ತು.

ಮೂರನೆಯ ದಿನ ಲವೀನಾ ಡ್ಯೂಟಿಯಿಂದ ಬಂದವಳು ಯೂನಿಫಾರ್ಮಿನಲ್ಲೇ ನನ್ನ ಮಂಚದ ಅಂಚಿಗೆ ಕುಳಿತಳು. "ಮಾಯ್, ನನ್ನ ಕೆಲಸ ನೋಡಿ ಅವಳಿಗೆ ಇದರಿಂದ ಓಡಿಹೋಗಬೇಕು ಅಂತ ಅನ್ನಿಸಿತಾ?"

 ಎದ್ದು ಬೀರುವಿನ ಬಾಗಿಲು ತೆರೆದೆ. ಮುರಿದ ಪ್ರಾಮಿಸ್ಸಿನಲ್ಲಿ ಇನ್ನು ಉಳಿಸಿಕೊಳ್ಳುವಂಥದ್ದೇನಿತ್ತು?

ಲವೀನಾ ಬಹಳ ಹೊತ್ತು ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಮುಖ ನೋಡಬಾರದೆಂದು ನಾನು ಕತ್ತೆಯ ಪೆಟ್ಟಿಗೆಯ ಕಡೆ ತಿರುಗಿದೆ. ಆಗ ಕೇಳಿಸಿದ್ದು ಬಿಕ್ಕಲ್ಲ, ಪೆನ್ನಿನ ಮುಚ್ಚಳ ತೆಗೆಯುವ ಟಿಕ್ ಎಂಬ ಸದ್ದು. ಅರ್ಧಂಬರ್ಧ ಕೇರ್ ಪ್ಲ್ಯಾನನ್ನು ಕಣ್ಣೆದುರಿಗಿಟ್ಟುಕೊಂಡು ಸುಮ್ಮನಿರುವುದು ನಿಜವಾದ ನರ್ಸಿಗೆ ಸಾಧ್ಯವಿಲ್ಲವೆಂದು ಆ ದಿನ ತಿಳಿಯಿತು.

"ಶೆರಲ್! ಇಲ್ಲಿ ಬಾ. 'ಸುಧಾರಣೆ' ಅಂದ್ರೆ ಎಂತ? ಎಷ್ಟು ಮಾರ್ಕು, ಯಾವ ತಾರೀಕಿನೊಳಗೆ? ಇದನ್ನೇ ನಿನಗೆ ಕಾಲೇಜಿನಲ್ಲಿ ಕಲಿಸಿದ್ದಾ?" ಎನ್ನುತ್ತ ಸಾಲುಸಾಲಾಗಿ ಕೆಂಪು ಪೆನ್ನಿನಲ್ಲಿ ತಿದ್ದಿದಳು. 'ಮಮ್ಮಿ' ಎಂಬ ಸಮಸ್ಯೆಯ ಉಪಚಾರದ ಕಾಲಮ್ಮಿನಲ್ಲಿ 'ಕೇಳುವುದು' ಎಂದಷ್ಟೇ ಬರೆದಳು. ಚಾರ್ಟ್ ಅಂದೇ ಫ್ರಿಜ್ಜಿನ ಮೇಲಕ್ಕೆ ಬಡ್ತಿ ಪಡೆಯಿತು.

ಅರ್ಜಿ ಹೋಯಿತು. ಪರೀಕ್ಷೆ ಬರೆದಾಯಿತು. ಇಂಟರ್‌ವ್ಯೂ ಬರುವ ಭಾನುವಾರ. ನಿನ್ನೆ ಸಂಜೆ ಊಟದ ಮೇಜಿನ ಆಚೆ ಲವೀನಾ, ಈಚೆ ಶೆರಲ್, ನಡುವೆ ಸೆಕೆಂಡು ಮುಳ್ಳಿನ ಗಡಿಯಾರ ಹಿಡಿದು ನಾನು. ಪ್ಯಾನೆಲ್ಲಿನವರು ಖಂಡಿತ ಕೇಳುವ ಪ್ರಶ್ನೆಯನ್ನು ಲವೀನಾ ಮೊದಲು ಕೇಳಿದಳು.

"ನರ್ಸಿಂಗ್ ಯಾಕೆ ಬಿಡ್ತೀ?"

ಶೆರಲ್ ಲೀಡರ್‌ಶಿಪ್ಪು, ವಿಶಾಲ ಸೇವೆ ಎಂದೇನೋ ಒಪ್ಪಿಸಿದಳು.

"ಇದು ಇಂಟರ್ನೆಟ್ಟಿನದ್ದು. ನಿನ್ನದು ಹೇಳು."

ಹುಡುಗಿ ನೀರು ಕುಡಿದಳು. "ವಾರ್ಡಿನಲ್ಲಿ ಒಬ್ಬರು ಅಜ್ಜ ಇದ್ರು. ಬೆಳಿಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನ ದಿಂಬಿಗೆ ಒರಗಲಿಕ್ಕೆ ಒಪ್ಪಲಿಲ್ಲ. ಪಾದ ನೋಡಿದೆ, ಊದಿತ್ತು. ಸಿಸ್ಟರಿಗೆ ಹೇಳಿದೆ, ಡಾಕ್ಟರು ಬಂದ್ರು, ನಾನು ಪರದೆಯ ಹೊರಗೆ ನಿಂತೆ. ಆಮೇಲೆ ಒಳಗೆ ಏನಾಯ್ತು, ಯಾಕೆ ಆಯ್ತು, ಅದು ನನಗೆ ಬೇಕು. ನಾನು ನರ್ಸಿಂಗಿನಿಂದ ಓಡಿಹೋಗ್ತಾ ಇಲ್ಲ. ಕೇಳುವ ಮೊದಲು ಪಾದ ನೋಡು ಅಂತ ನನಗೆ ಕಲಿಸಿದ್ದು ನನ್ನ ಮಮ್ಮಿ. ಅದನ್ನು ತಗೊಂಡೇ ಪರದೆಯ ಒಳಗೆ ಹೋಗ್ತೇನೆ."

ನಾನು ಗಡಿಯಾರ ನೋಡುವುದನ್ನು ಮರೆತಿದ್ದೆ. ಲವೀನಾ ಕಾಗದವನ್ನು ಅತ್ತಿತ್ತ ಸರಿಸಿ, ಕೆಮ್ಮಿ, "ಮಮ್ಮಿ ಅನ್ನಬೇಡ. 'ಒಬ್ಬ ಸ್ಟಾಫ್ ನರ್ಸ್' ಅನ್ನು. ಪ್ರೊಫೆಶನಲ್ ಆಗಿರ್ತದೆ," ಎಂದಳು.

"ಇಲ್ಲ. ಮಮ್ಮಿ ಅಂತಲೇ ಹೇಳುವುದು."

"ಹಾಗಾದ್ರೆ ನೆಟ್ಟಗೆ ಕೂತು ಹೇಳು. ಇನ್ನೊಮ್ಮೆ."

ಶೆರಲ್ ಇನ್ನೊಮ್ಮೆ ಹೇಳಿದಳು. ಲವೀನಾ ಸ್ವರ ಸಣ್ಣದಾಯಿತೆಂದಳು, ಮತ್ತೆ ಹೇಳಿಸಿದಳು. ಕೈ ಆಡಿಸಬೇಡವೆಂದಳು, ಮತ್ತೆ ಹೇಳಿಸಿದಳು. ಹೀಗೆ ನಿನ್ನೆ ಸಂಜೆ ಐದು ಸಲ ಆಯಿತು. ನಾನು ಸುಮ್ಮನೆ ಕುಳಿತು ಎಣಿಸಿದೆ. ಎರಡನೆಯ ಸಲಕ್ಕೇ ಉತ್ತರ ಸರಿಯಾಗಿತ್ತು.